ಲ್ಯಾಪ್‌ಟಾಪಿನ ಪಾಲನೆಯ ವಿಷಯವಾಗಿ ಕೆಲವು ಮಾತುಗಳು



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ಲೇಖನವು ಪರೀಕ್ಷಾಫಲವನ್ನೂ ಕಟ್ಟಡದ ನಿಧಿಯನ್ನೂ ಕುರಿತದ್ದಾಗಿರಬೇಕೆಂಬುದು ವಾಡಿಕೆ. ಆ ಎರಡು ಸಂಗತಿಗಳನ್ನು ಕಾರ್ಯದರ್ಶಿಗಳ ವರದಿಯಲ್ಲಿ ತಾವು ಹೇಗೂ ಓದಿಕೊಳ್ಳುವಿರಾದುದರಿಂದ, ಈ ಸಲ ನಾನು ಬೇರೊಂದು ವಿಷಯವನ್ನು ಎತ್ತಿಕೊಂಡಿರುವೆನು. ೨೦೨೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಶಾಲೆಗಳೆಲ್ಲ ಮುಚ್ಚಿ, ಪಾಠಗಳು ಮನೆಯಿಂದಲೇ ನಡೆಯಬೇಕಾಗಿ ಬಂದಾಗ, ನಮ್ಮ ಹಳೆ ವಿದ್ಯಾರ್ಥಿನಿಯರಲ್ಲಿ ಅನೇಕರು ಬೆಂಗಳೂರಿನಿಂದಲೂ ಮುಂಬಯಿಯಿಂದಲೂ ಗಲ್ಫ್ ದೇಶಗಳಿಂದಲೂ ಲ್ಯಾಪ್‌ಟಾಪುಗಳನ್ನು ಕಳುಹಿಸಿಕೊಟ್ಟಿರಿ. ಕೆಲವು ಹೊಸವು, ಹೆಚ್ಚಿನವು ತಾವೇ ಬಳಸಿ ಬಿಟ್ಟವು. ಅವನ್ನು ನಾವು ಒಂದೊಂದು ವರ್ಷಕ್ಕೆ ಒಬ್ಬೊಬ್ಬ ಬಾಲಿಕೆಗೆ ಎರವಲಾಗಿ ಕೊಡುತ್ತಾ ಬಂದಿರುವೆವು. "ನಾನು ಕೊಟ್ಟ ಯಂತ್ರ ಇನ್ನೂ ಬದುಕಿದೆಯೇ ಟೀಚರ್?" ಎಂದು ತಮ್ಮಲ್ಲಿ ಒಬ್ಬಾಕೆಯು ಕಳೆದ ಕ್ರಿಸ್ಮಸ್ ಕಾಲದಲ್ಲಿ ಕೇಳಿದುದುಂಟು. ಆ ಪ್ರಶ್ನೆಗೆ ಸವಿಸ್ತಾರವಾದ ಉತ್ತರವೆಂದು ಇದನ್ನು ಓದಿಕೊಳ್ಳಬಹುದು.

ಮೊದಲು ಹೆಸರಿನ ಮಾತು. ಲ್ಯಾಪ್ ಎಂದರೆ ಮಡಿಲು. ಮಡಿಲ ಮೇಲಿಟ್ಟುಕೊಂಡು ಕೆಲಸ ಮಾಡತಕ್ಕ ಯಂತ್ರವೆಂದು ಇದರ ಅರ್ಥ. ಹೆಸರಿಟ್ಟವರು ನಮ್ಮ ಕರಾವಳಿಯ ಏಪ್ರಿಲ್ ತಿಂಗಳ ಸೆಕೆಯನ್ನು ಕಂಡವರಲ್ಲವೆಂದು ತೋರುತ್ತದೆ. ೧೯೮೧ರಲ್ಲಿ ಅಮೇರಿಕದಲ್ಲಿ ಮಾರಾಟಕ್ಕೆ ಬಂದ ಆಸ್ಬೋರ್ನ್ ಎಂಬ ಹೊತ್ತೊಯ್ಯಬಲ್ಲ ಗಣಕದ ತೂಕವು ಸುಮಾರು ೧೧ ಕಿಲೋಗ್ರಾಂ. ಅದರ ಪರದೆಯೋ ೫ ಅಂಗುಲ ಮಾತ್ರ. ಅದನ್ನು ಎತ್ತುವುದೆಂದರೆ ನಮ್ಮ ಹೊಲಿಗೆಯ ಯಂತ್ರವನ್ನು ಅದರ ಮರದ ಗೂಡಿನೊಡನೆ ಎತ್ತಿದಂತೆಯೇ ಆಗುತ್ತಿದ್ದಿರಬೇಕು. ಇಂದು ಒಂದೂವರೆ ಕಿಲೋಗ್ರಾಂ ತೂಕದೊಳಗೆ ಅದಕ್ಕಿಂತ ಸಾವಿರಾರು ಪಾಲು ಸಾಮರ್ಥ್ಯವು ಅಡಗಿದೆ. ಆದರೆ ಅಷ್ಟು ಇಕ್ಕಟ್ಟಿನಲ್ಲಿ ಅಷ್ಟು ಕೆಲಸ ನಡೆಯುವಾಗ ಬಿಸಿಯು ಹುಟ್ಟದಿರಲಾರದು. ಆ ಬಿಸಿಯನ್ನು ಹೊರಗಟ್ಟಲೆಂದೇ ಅಡಿಭಾಗದಲ್ಲಿಯೂ ಪಕ್ಕಗಳಲ್ಲಿಯೂ ಸಣ್ಣ ಸಣ್ಣ ರಂಧ್ರಗಳಿರುವುವು. ಒಳಗೊಂದು ಪುಟ್ಟ ಫ್ಯಾನು ತಿರುಗುವುದು. ಮಕ್ಕಳು ಮಂಚದ ಮೇಲೆ, ಹಾಸಿಗೆಯಲ್ಲಿ, ಕಂಬಳಿಯ ಮಡಿಕೆಯಲ್ಲಿ ಇದನ್ನಿಟ್ಟುಕೊಂಡು ಕುಳಿತರೆ ಅಡಿಯ ರಂಧ್ರಗಳು ಮುಚ್ಚಿಹೋಗುವುವು. ಆಗ ಯಂತ್ರವು ತನ್ನನ್ನು ತಾನು ಕಾಪಾಡಿಕೊಳ್ಳುವುದಕ್ಕಾಗಿ ನಿಧಾನಗತಿಗೆ ಇಳಿಯುವುದು. "ಟೀಚರೇ, ಇದು ಹಳತಾಯಿತು, ಓಡುವುದಿಲ್ಲ" ಎಂದು ದೂರು ಬರುವುದು. ಹಳತಾದುದಲ್ಲ, ಉಸಿರು ಕಟ್ಟಿದ್ದು. ಇದಕ್ಕೆ ಅಂಗಡಿಯಲ್ಲಿ ಫ್ಯಾನುಳ್ಳ ಪೀಠಗಳು ದೊರೆಯುವುವಾದರೂ, ಮನೆಯಲ್ಲಿ ಊಟಕ್ಕೆ ಕುಳಿತುಕೊಳ್ಳುವ ಮರದ ಮಣೆಯೊಂದಿದ್ದರೆ ಸಾಕು. ಮಣೆಯ ಮೇಲೆ ಯಂತ್ರ, ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಹುಡುಗಿ. ನಮ್ಮ ಶಾಲೆಯ ಎಷ್ಟೋ ಮನೆಪಾಠಗಳು ಈ ಕ್ರಮದಲ್ಲಿಯೇ ಸಾಗಿರುವುವು. ಯಂತ್ರದೊಡನೆ ಬರುವ ಪುಸ್ತಿಕೆಗಳಲ್ಲಿ ಸಾಮಾನ್ಯವಾಗಿ ೩೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯವರೆಗೆ ಬಳಸಬಹುದೆಂದು ಬರೆದಿರುತ್ತಾರೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗಿನ ಉಷ್ಣತೆಯು ಇದನ್ನು ಬಹು ಬೇಗ ದಾಟುವುದರಿಂದ, ಮದುವೆಮನೆಗೆ ಹೋದಾಗ ಲ್ಯಾಪ್‌ಟಾಪನ್ನು ಕಾರಿನಲ್ಲಿಯೇ ಬಿಟ್ಟುಹೋಗುವ ತಂದೆಯವರು ದಯವಿಟ್ಟು ಗಮನಿಸಬೇಕು.

ಸೆಕೆಯ ಮೇಲೆ ಮಳೆ. ಮಂಗಳೂರಿನ ಸುತ್ತುಮುತ್ತ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಅದರಲ್ಲಿ ಬಹುಪಾಲು ಜೂನ್ ಮೊದಲ್ಗೊಂಡು ಸೆಪ್ಟೆಂಬರಿನೊಳಗೆ ಸುರಿದು ಮುಗಿಯುವುದು. ಆ ನಾಲ್ಕು ತಿಂಗಳುಗಳಲ್ಲಿ ಪಾದರಕ್ಷೆಗಳಿಗೆ ಬೂಷ್ಟು ಹಿಡಿಯುವುದನ್ನೂ, ಬೀರುವಿನ ಸೀರೆಗಳು ಮುಗ್ಗಲು ನಾರುವುದನ್ನೂ ತಿಳಿಯದ ಗೃಹಿಣಿಯರಿಲ್ಲ. ಲ್ಯಾಪ್‌ಟಾಪಿನ ಒಳಗಿರುವ ತಾಮ್ರದ ಗೆರೆಗಳಿಗೂ ಬೆಸುಗೆಗಳಿಗೂ ಇದೇ ತೇವವು ಶತ್ರು. ಸಮುದ್ರದ ಉಪ್ಪುಗಾಳಿಯು ಅದಕ್ಕೆ ಸಹಾಯಕ. ಆದರೆ ಇಲ್ಲೊಂದು ವಿಚಿತ್ರವುಂಟು. ದಿನವೂ ಒಂದೆರಡು ಗಂಟೆ ಬಳಸುವ ಯಂತ್ರವು ತನ್ನ ಬಿಸಿಯಿಂದಲೇ ತನ್ನ ಒಳಗನ್ನು ಒಣಗಿಸಿಕೊಳ್ಳುವುದು. ಬಳಸದೆ ಮುಚ್ಚಿಟ್ಟ ಯಂತ್ರಕ್ಕೆ ಆ ಉಪಕಾರವಿಲ್ಲ. ಆದುದರಿಂದ ಮಳೆಗಾಲದಲ್ಲಿ ಲ್ಯಾಪ್‌ಟಾಪಿಗೆ ಕೊಡತಕ್ಕ ಮೊದಲನೆಯ ಔಷಧವೇ ಉಪಯೋಗ. ಎರಡನೆಯದು, ಹೊಸ ಚೀಲಗಳಲ್ಲಿಯೂ ಪಾದರಕ್ಷೆಯ ಪೆಟ್ಟಿಗೆಗಳಲ್ಲಿಯೂ ಬರುವ ಸಿಲಿಕಾ ಜೆಲ್ ಎಂಬ ಹರಳುಗಳ ಸಣ್ಣ ಪೊಟ್ಟಣಗಳು. ಇವನ್ನು ಎಸೆಯದೆ ಲ್ಯಾಪ್‌ಟಾಪಿನ ಚೀಲದಲ್ಲಿ ಇಡಬಹುದು. ಆದರೆ ಅವು ಒಮ್ಮೆ ತೇವವನ್ನು ಹೀರಿ ತುಂಬಿದ ಮೇಲೆ ಬರಿಯ ಕಲ್ಲುಗಳೇ ಸರಿ. ಆಗ ಬದಲಾಯಿಸಬೇಕು.

ಮಳೆಯಲ್ಲಿ ನಡೆದು ಬರುವ ಬಾಲಿಕೆಯರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತರುವುದು ಒಳ್ಳೆಯದೇ. ಶಾಲೆಗೆ ಬಂದೊಡನೆ ಬಿಚ್ಚಿ ಗಾಳಿಗಿಡುವುದು ಅಷ್ಟೇ ಮುಖ್ಯ. ಇಲ್ಲವಾದರೆ ಹೊರಗಿನ ತೇವವನ್ನು ತಡೆದ ಚೀಲವೇ ಒಳಗಿನ ತೇವಕ್ಕೆ ಸೆರೆಮನೆಯಾಗುವುದು. ಹವಾನಿಯಂತ್ರಿತ ಬಸ್ಸಿನಿಂದಲೋ ಕೋಣೆಯಿಂದಲೋ ಹೊರಗೆ ತಂದ ತಣ್ಣನೆಯ ಯಂತ್ರದ ಮೇಲೆ, ಐಸು ಹಾಕಿದ ಲೋಟದ ಹೊರಮೈಮೇಲೆ ಕಾಣುವಂತೆಯೇ, ನೀರಿನ ಹನಿಗಳು ಕಟ್ಟುವುವು. ಅರ್ಧ ಗಂಟೆ ಹಾಗೆಯೇ ಬಿಟ್ಟು, ಅನಂತರ ಚಾಲು ಮಾಡತಕ್ಕದ್ದು. ನಮ್ಮ ಹೊಲಿಗೆಯ ತರಗತಿಯವರು ಎರಡು ವರ್ಷಗಳಿಂದ ಹಳೆಯ ಸೀರೆಗಳ ನಡುವೆ ಹತ್ತಿಯ ಪದರವನ್ನಿಟ್ಟು ಲ್ಯಾಪ್‌ಟಾಪಿನ ಚೀಲಗಳನ್ನು ಹೊಲಿದಿರುವರು. ಅಂಗಡಿಯ ಚೀಲಗಳಿಗಿಂತ ಇವು ಯಾವ ವಿಧದಲ್ಲಿಯೂ ಕಡಿಮೆಯಲ್ಲವೆಂದು ನನ್ನ ಅಭಿಪ್ರಾಯ. ಒಂದೇ ನಿಬಂಧನೆ: ಯಂತ್ರವನ್ನು ಸಂಪೂರ್ಣವಾಗಿ ನಿಲ್ಲಿಸಿದ ಮೇಲೆಯೇ ಚೀಲಕ್ಕೆ ಹಾಕಬೇಕು, ಮತ್ತು ಆ ಚೀಲದೊಳಗೆ ನೀರಿನ ಬಾಟ್ಲಿಗೂ ಬುತ್ತಿಗೂ ಸ್ಥಳವಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಪೋಷಕರು ಹೆಚ್ಚಾಗಿ ಕೇಳುವ ಪ್ರಶ್ನೆಯು, ಸ್ಟೆಬಿಲೈಸರನ್ನು ಕೊಳ್ಳಬೇಕೇ ಎಂಬುದು. ಬೇಡ. ಲ್ಯಾಪ್‌ಟಾಪಿನ ಚಾರ್ಜರಿನ ಮೇಲೆ ಬರೆದುದನ್ನು ಓದಿ ನೋಡಿದರೆ ೧೦೦ರಿಂದ ೨೪೦ ವೋಲ್ಟಿನವರೆಗೆ ಅದು ಕೆಲಸ ಮಾಡಬಲ್ಲುದೆಂದು ತಿಳಿಯುವುದು. ಮನೆಯ ದೀಪಗಳು ಮಂಕಾದರೂ ಅದಕ್ಕೆ ಬಾಧೆಯಿಲ್ಲ. ಬಾಧೆಯುಂಟಾಗುವುದು ಸಿಡಿಲಿನಿಂದ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿಯೂ ನವರಾತ್ರಿಯ ಮುಂದಿನ ದಿನಗಳಲ್ಲಿಯೂ ನಮ್ಮಲ್ಲಿ ಗುಡುಗು ಮಿಂಚುಗಳ ಅಬ್ಬರವು ಎಷ್ಟೆಂಬುದನ್ನು ತಾವೆಲ್ಲರೂ ಬಲ್ಲಿರಿ. ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಇಂಟರ್ನೆಟ್ಟಿನ ತಂತಿಯು ಯಂತ್ರಕ್ಕೆ ಸೇರಿದ್ದರೆ ಅದನ್ನೂ ಬಿಡಿಸಬೇಕು. ಇನ್ನೊಂದು ಸಂಗತಿ. ಲೋಹದ ಮೈಯುಳ್ಳ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಮುಟ್ಟುವಾಗ ಕೈಗೆ ಜುಮ್ಮೆಂದು ಸಣ್ಣದಾಗಿ ಹತ್ತುವುದುಂಟು. "ಯಂತ್ರದಲ್ಲಿ ಶಾಕ್ ಇದೆ" ಎಂದು ಹಿಂದಿರುಗಿಸಿದವರಿದ್ದಾರೆ. ಪರೀಕ್ಷಿಸಿದರೆ ಹೆಚ್ಚಿನ ಸಲ ಯಂತ್ರದಲ್ಲಿ ದೋಷವಿರುವುದಿಲ್ಲ. ಮನೆಯ ಗೋಡೆಯಲ್ಲಿ ಅರ್ಥಿಂಗ್ ಇರುವುದಿಲ್ಲ, ಇಲ್ಲವೆ ಎರಡು ಕಾಲಿನ ಪ್ಲಗ್ಗನ್ನು ಕೂರಿಸಲೆಂದು ಮೇಲಿನ ರಂಧ್ರಕ್ಕೆ ಕಡ್ಡಿಯನ್ನು ತುರುಕಿರುತ್ತಾರೆ. ಆ ರಂಧ್ರವು ಶೋಭೆಗಾಗಿ ಇಟ್ಟುದಲ್ಲ. ಲ್ಯಾಪ್‌ಟಾಪಿನ ನಿಮಿತ್ತದಿಂದಾದರೂ ಮನೆಯ ಅರ್ಥಿಂಗನ್ನು ಪರೀಕ್ಷಿಸಿಕೊಂಡರೆ, ನೀರು ಕಾಯಿಸುವ ಗೀಸರನ್ನೂ ಬಟ್ಟೆ ಒಗೆಯುವ ಯಂತ್ರವನ್ನೂ ಮುಟ್ಟುವ ಕೈಗಳಿಗೂ ಕ್ಷೇಮ.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ನಿಜವಾಗಿ ಹೇಳಬೇಕಾಗಿರುವ ಮಾತಿಗೆ ಬರುವೆನು. ಈ ವರ್ಷಗಳಲ್ಲಿ ಕೆಟ್ಟುಹೋದ ಯಂತ್ರಗಳ ಚರಿತ್ರೆಯನ್ನು ಒಂದೊಂದಾಗಿ ವಿಚಾರಿಸಿ ನೋಡಿದಾಗ, ಅಜಾಗ್ರತೆಯಿಂದ ಕೆಟ್ಟವುಗಳಿಗಿಂತ ಹೆದರಿಕೆಯಿಂದ ಕೆಟ್ಟವುಗಳೇ ಹೆಚ್ಚೆಂದು ನನಗೆ ಕಂಡುಬಂದಿದೆ.

ಒಂಬತ್ತನೆಯ ತರಗತಿಯ ಒಬ್ಬ ಬಾಲಿಕೆಯ ವಿಷಯವನ್ನು ಹೆಸರು ಹೇಳದೆ ಬರೆಯುವೆನು. ಆಕೆಯ ಅಪ್ಪಣೆಯನ್ನು ಪಡೆದಿರುವೆನು. ಸಂಜೆ ಓದುತ್ತ ಕುಳಿತಿದ್ದಾಗ ತಮ್ಮನ ಕೈತಾಗಿ ಚಹಾದ ಲೋಟವು ಕೀಲಿಮಣೆಯ ಮೇಲೆ ಮಗುಚಿತು. ಆಕೆಯು ಶಾಲಿನಿಂದ ಒರೆಸಿ, ಮುಚ್ಚಿ, ಮಂಚದ ಕೆಳಗೆ ಬಚ್ಚಿಟ್ಟಳು. ಮನೆಯವರು ಬೈಯುವರು, ಶಾಲೆಯವರು ಹಣ ಕೇಳುವರು, ಮುಂದೆ ಯಾರಿಗೂ ಯಂತ್ರ ಕೊಡರು, ಹೀಗೆ ಆಕೆಯ ಯೋಚನೆಯು ಬೆಳೆಯಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು, ಬದುಕಿದೆಯೋ ಇಲ್ಲವೋ ಎಂದು ಚಾಲು ಮಾಡಿ ನೋಡಿದಳು. ಬದುಕಿತ್ತು. ಸಮಾಧಾನವಾಗದೆ ಇನ್ನೆರಡು ಸಲ ಎದ್ದು ನೋಡಿದಳು. ಆಗಲೂ ಬದುಕಿತ್ತು. ನಾಲ್ಕನೆಯ ದಿನ ಸತ್ತಿತು. ನಮ್ಮಲ್ಲಿಗೆ ಬಂದು ರಿಪೇರಿ ಮಾಡುವಾತನು ಅದನ್ನು ಬಿಚ್ಚಿ ತೋರಿಸಿದಾಗ, ಒಳಗಿನ ಹಲಗೆಯ ಮೇಲೆ ಹಳೆಯ ತಾಮ್ರದ ಪಾತ್ರೆಯ ಮೇಲೆ ಕಟ್ಟುವಂತಹ ಹಸಿರು ಕಿಲುಬು ಎದ್ದಿದ್ದಿತು.

ನೀರು ಮಾತ್ರದಿಂದಲೇ ಯಂತ್ರವು ತಕ್ಷಣ ಕೆಡುವುದಿಲ್ಲ. ನೀರಿರುವಾಗ ವಿದ್ಯುತ್ತು ಹರಿದರೆ, ಒಂದು ಗೆರೆಯ ಲೋಹವು ಕರಗಿ ಇನ್ನೊಂದು ಕಡೆ ಕೂಡುವುದು. ಉಪ್ಪು, ಸಕ್ಕರೆ, ಹಾಲು ಇದ್ದರೆ ಅವುಗಳ ಶೇಷವು ಒಣಗಿದ ಮೇಲೆಯೂ ಅಲ್ಲಿಯೇ ಅಂಟಿಕೊಂಡು ಗಾಳಿಯ ತೇವವನ್ನು ಸೆಳೆಯುತ್ತಿರುವುದು. ಆದಕಾರಣ ಗಂಜಿ, ಚಹಾ, ಪಾನಕಗಳು ಬರಿಯ ನೀರಿಗಿಂತ ಕೆಟ್ಟವು. ಚೆಲ್ಲಿದೊಡನೆ ಮಾಡಬೇಕಾದುದು ಬಹಳವಿಲ್ಲ. ಮೊದಲು ಗೋಡೆಯ ಸ್ವಿಚ್ಚನ್ನಾರಿಸಿ ಚಾರ್ಜರನ್ನು ಕೀಳಬೇಕು. ಕೆಲಸವು ಅರ್ಧಕ್ಕೆ ನಿಂತರೂ ಚಿಂತೆಯಿಲ್ಲವೆಂದು ಪವರ್ ಬಟನ್ನನ್ನು ಹತ್ತು ಸೆಕೆಂಡುಗಳ ಕಾಲ ಒತ್ತಿ ಹಿಡಿದು ನಿಲ್ಲಿಸಬೇಕು. ಹೊರಗಿನಿಂದಲೇ ಬ್ಯಾಟರಿ ತೆಗೆಯಬಲ್ಲ ಹಳೆಯ ಯಂತ್ರವಾದರೆ ತೆಗೆಯಬೇಕು. ಅನಂತರ ತೆರೆದ ಪುಸ್ತಕವನ್ನು ಬೋರಲು ನಿಲ್ಲಿಸುವಂತೆ, ಗುಡಾರದ ಆಕಾರದಲ್ಲಿ ಬಟ್ಟೆಯ ಮೇಲೆ ನಿಲ್ಲಿಸಬೇಕು. ಅಲ್ಲಿಂದ ಮುಂದೆ, ತಿಳಿದವನೊಬ್ಬನು ಬಿಚ್ಚಿ ಶುಚಿಗೊಳಿಸುವ ತನಕ, ಎಷ್ಟೇ ಆಸೆಯಾದರೂ ಚಾಲು ಮಾಡಿ ನೋಡಕೂಡದು. ಅಕ್ಕಿಯ ಡಬ್ಬದಲ್ಲಿ ಹೂಳುವ ಪದ್ಧತಿಯೊಂದು ಎಲ್ಲೆಲ್ಲೂ ಹಬ್ಬಿದೆ. ಅಕ್ಕಿಯು ಒಳಗಿನ ನೀರನ್ನು ಸೆಳೆಯುವುದಿಲ್ಲ. ಅದರ ಹುಡಿಯು ಮಾತ್ರ ರಂಧ್ರಗಳೊಳಗೆ ಸೇರುವುದು. ಫೋನುಗಳನ್ನು ಅಕ್ಕಿಯಲ್ಲಿಡಬೇಡಿರೆಂದು ಆಪಲ್ ಸಂಸ್ಥೆಯೇ ೨೦೨೪ರಲ್ಲಿ ತನ್ನ ಗಿರಾಕಿಗಳಿಗೆ ತಿಳಿಸಿತು. ಅಕ್ಕಿಯು ಅನ್ನಕ್ಕಿರಲಿ.

ಆ ಯಂತ್ರದ ಕಥೆಯು ಶಾಲಾ ಸಮಿತಿಯ ಮುಂದೆ ಬಂದಾಗ, ಗೌರವಾನ್ವಿತ ಸದಸ್ಯರೊಬ್ಬರು ಇನ್ನು ಮುಂದೆ ಯಂತ್ರ ಕೆಡಿಸಿದವರಿಗೆ ೫೦೦ ರೂಪಾಯಿ ದಂಡವನ್ನು ವಿಧಿಸಬೇಕೆಂದು ಸೂಚಿಸಿದರು. ಅವರ ಉದ್ದೇಶವು ಒಳ್ಳೆಯದೇ. ದಾನವಾಗಿ ಬಂದ ವಸ್ತುವಿಗೆ ಬೆಲೆಯಿರಬೇಕೆಂಬುದೇ ಅವರ ಮಾತು. ನಾನು ಅದನ್ನು ವಿರೋಧಿಸಿದೆನು. ದಂಡವಿಲ್ಲದಿರುವಾಗಲೇ ನಾಲ್ಕು ದಿನ ಬಚ್ಚಿಟ್ಟ ಮಗುವು ದಂಡವಿದ್ದರೆ ಎಷ್ಟು ದಿನ ಬಚ್ಚಿಡುವಳು? ೫೦೦ ರೂಪಾಯಿಯೆಂದರೆ ನಮ್ಮ ಕೆಲವು ಮನೆಗಳಲ್ಲಿ ಒಂದು ದಿನದ ಕೂಲಿ. ಬಹಳ ಹೊತ್ತು ಚರ್ಚೆ ನಡೆದು, ಕೊನೆಗೆ ಸಮಿತಿಯು ಅಂಗೀಕರಿಸಿದ ನಿಯಮವಿದು: ಬಿದ್ದರೂ ಚೆಲ್ಲಿದರೂ ಒಡೆದರೂ ಅದೇ ದಿನ ಬಂದು ತಿಳಿಸಿದವಳಿಗೆ ದಂಡವಿಲ್ಲ, ಬೈಗುಳವೂ ಇಲ್ಲ. ಈ ಎರಡನೆಯ ಮಾತನ್ನು ಸೇರಿಸಬೇಕೆಂದು ನಾನು ಹಠ ಹಿಡಿದೆನು. ಪ್ರತಿಯೊಂದು ಯಂತ್ರದ ಅಡಿಯಲ್ಲಿ, ರಂಧ್ರಗಳಿಗೆ ಅಡ್ಡವಾಗದಂತೆ, ಒಂದು ಚೀಟಿಯನ್ನು ಅಂಟಿಸಿರುವೆವು: "ವಯರು ಕೀಳು. ಬಟನ್ ಒತ್ತಿ ಹಿಡಿ. ಬೋರಲು ನಿಲ್ಲಿಸು. ಟೀಚರಿಗೆ ಹೇಳು." ಅನಂತರ ಮೂವರು ಬಾಲಿಕೆಯರು ಹೀಗೆ ಬಂದು ಹೇಳಿರುವರು; ಒಬ್ಬಳಂತೂ ರಾತ್ರಿ ಒಂಬತ್ತು ಗಂಟೆಗೆ ಫೋನಿನಲ್ಲಿ ಅಳುತ್ತ ಹೇಳಿದಳು. ಮೂರರಲ್ಲಿ ಎರಡು ಯಂತ್ರಗಳು ಈಗಲೂ ತರಗತಿಯಲ್ಲಿ ಕೆಲಸ ಮಾಡುತ್ತಿವೆ. ದಂಡವನ್ನು ಸೂಚಿಸಿದ ಸದಸ್ಯರೇ ಮೊನ್ನೆ ಆ ಲೆಕ್ಕವನ್ನು ಸಭೆಯಲ್ಲಿ ಓದಿದರು.

ಹೆದರಿಕೆಯ ಇನ್ನೊಂದು ರೂಪವು ಇದಕ್ಕಿಂತಲೂ ಮೌನವಾದುದು. ಬೇಸಗೆ ರಜೆ ಕಳೆದು ಶಾಲೆ ತೆರೆದು ಒಂದು ತಿಂಗಳಾದರೂ ಒಬ್ಬಾಕೆಯು ಎರವಲು ಪಡೆದ ಯಂತ್ರವನ್ನು ಒಮ್ಮೆಯೂ ತರಲಿಲ್ಲ. ಕೇಳಿದರೆ "ಮನೆಯಲ್ಲಿದೆ ಟೀಚರ್" ಎಂಬುದೇ ಉತ್ತರ. ಒಂದು ಶನಿವಾರ ಮಧ್ಯಾಹ್ನ ಆಕೆಯ ಮನೆಗೆ ಹೋದೆನು. ತಾಯಿಯು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದವರು ಎದ್ದು ಕುರ್ಚಿ ಹಾಕಿದರು. ಲ್ಯಾಪ್‌ಟಾಪಿನ ಮಾತೆತ್ತಿದಾಗ ಅವರ ಮುಖವು ಅರಳಿತು. "ಏನೂ ಆಗಲಿಲ್ಲ ಟೀಚರೇ, ಚಿನ್ನದ ಹಾಗೆ ಇಟ್ಟಿದ್ದೇನೆ" ಎಂದು ಒಳಗೆ ಕರೆದುಕೊಂಡು ಹೋಗಿ, ಕಬ್ಬಿಣದ ಕಪಾಟಿನ ಬೀಗ ತೆಗೆದು, ತಮ್ಮ ಮದುವೆಯ ಸೀರೆಯ ಮಡಿಕೆಯಿಂದ ಅದನ್ನು ಹೊರಗೆ ತೆಗೆದರು. ನುಸಿಗುಳಿಗೆಯ ವಾಸನೆ. ಅಂಚಿನ ಸುತ್ತ ಬೂದುಬಣ್ಣದ ಬೂಷ್ಟು. ಎಷ್ಟು ಒತ್ತಿದರೂ ದೀಪ ಹತ್ತಲಿಲ್ಲ. ಚಾರ್ಜರಿಗೆ ಹಾಕಿದರೂ ಬ್ಯಾಟರಿಯು ತೆಗೆದುಕೊಳ್ಳಲಿಲ್ಲ. ಹುಡುಗಿಯು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದವಳು ಏನೂ ಮಾತನಾಡಲಿಲ್ಲ. ಗೇಟಿನ ತನಕ ನನ್ನನ್ನು ಬಿಡಲು ಬಂದಾಗ ಹೇಳಿದಳು: "ಕೊಡು ಅಂತ ಕೇಳಿದರೆ ಅಮ್ಮನಿಗೆ ಭಯ ಆಗ್ತದೆ ಟೀಚರ್. ಅದಕ್ಕೆ ನಾನು ಕೇಳುವುದೇ ಬಿಟ್ಟೆ."

ಆ ತಾಯಿಯನ್ನು ಯಾರೂ ತಪ್ಪಿತಸ್ಥರೆಂದು ಎಣಿಸಕೂಡದು. ತಮ್ಮ ಆಯುಷ್ಯದಲ್ಲಿ ಆ ಬೆಲೆಯ ವಸ್ತುವನ್ನು ಅವರು ಮನೆಯೊಳಗೆ ಇರಿಸಿಕೊಂಡದ್ದು ಅದೇ ಮೊದಲು. ಚಿನ್ನವನ್ನು ಕಾಪಾಡುವ ವಿಧಾನವು ಅವರಿಗೆ ಚೆನ್ನಾಗಿ ತಿಳಿದಿತ್ತು. ಆ ವಿಧಾನವನ್ನೇ ಇದಕ್ಕೂ ಅನ್ವಯಿಸಿದರು. ಆದರೆ ಲಿಥಿಯಂ-ಅಯಾನ್ ಬ್ಯಾಟರಿಯು ಚಿನ್ನದಂತಲ್ಲ. ೧೯೯೧ರಲ್ಲಿ ಸೋನಿ ಸಂಸ್ಥೆಯು ಮೊದಲು ಮಾರಾಟಕ್ಕೆ ತಂದ ಈ ಬ್ಯಾಟರಿಯ ಹಿಂದೆ ಶ್ರಮಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ದೊರೆಯಿತು. ಅದನ್ನು ಸುಮ್ಮನೆ ಇಟ್ಟಿದ್ದರೂ ಒಳಗಿನ ಶಕ್ತಿಯು ಸ್ವಲ್ಪ ಸ್ವಲ್ಪವಾಗಿ ಸೋರುತ್ತಿರುವುದು. ಪೂರ್ತಿ ಬರಿದಾಗಿ ಬಹುಕಾಲ ಬಿದ್ದಿದ್ದರೆ, ಅಪಾಯವಾಗದಂತೆ ಕಾಯುವ ಒಳಗಿನ ಏರ್ಪಾಡೇ ಮತ್ತೆ ಚಾರ್ಜಾಗಲು ಬಿಡುವುದಿಲ್ಲ. ತುಂಬಾ ತುಂಬಿ ಬಿಸಿಯಲ್ಲಿಡುವುದೂ ಕೆಟ್ಟದ್ದೇ. ರಜೆಗೆ ಊರಿಗೆ ಹೋಗುವಾಗ ಅರ್ಧದಷ್ಟು ಚಾರ್ಜು ಮಾಡಿ, ಸಂಪೂರ್ಣವಾಗಿ ನಿಲ್ಲಿಸಿ, ತಂಪಾದ ಸ್ಥಳದಲ್ಲಿಡಬೇಕು. ಬಹುಕಾಲ ಇಡುವುದಾದರೆ ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅರ್ಧಕ್ಕೆ ತರಬೇಕು. ಯಾವಾಗಲೂ ಚಾರ್ಜರಿಗೆ ಸೇರಿಸಿಯೇ ಕೆಲಸ ಮಾಡುವವರು, ಶೇಕಡಾ ೮೦ಕ್ಕೆ ನಿಲ್ಲಿಸುವ ಏರ್ಪಾಡು ತಮ್ಮ ಯಂತ್ರದಲ್ಲಿದೆಯೇ ಎಂದು ನೋಡಿಕೊಳ್ಳಬಹುದು. ಈಗಿನ ಅನೇಕ ಯಂತ್ರಗಳಲ್ಲಿ ಇದೆ.

ಹೊಸ ಬ್ಯಾಟರಿಯ ವೆಚ್ಚವನ್ನು ಶಾಲೆಯ ನಿಧಿಯಿಂದ ಭರಿಸಿದೆವು. ಯಂತ್ರವನ್ನು ಹಿಂದಕ್ಕೆ ಕೊಡುವಾಗ ಆ ತಾಯಿಯೊಡನೆ ಒಂದು ಒಪ್ಪಂದವನ್ನು ಮಾಡಿಕೊಂಡೆನು: ಪ್ರತಿದಿನ ಸಂಜೆ ಒಂದು ಗಂಟೆ, ಜಗಲಿಯಲ್ಲಿಯೇ, ಅವರ ಕಣ್ಣೆದುರಿನಲ್ಲಿಯೇ, ಮಗಳು ಅದನ್ನು ಬಳಸಬೇಕು. ಮೊದಲ ವಾರ ಅವರು ಎಲೆ ಕತ್ತರಿಸುವುದನ್ನೇ ಬಿಟ್ಟು ಯಂತ್ರವನ್ನೇ ನೋಡುತ್ತಿದ್ದರಂತೆ. ಆಮೇಲೆ ಮಗಳು ಅವರ ಬೀಡಿಯ ಲೆಕ್ಕವನ್ನು, ಎಷ್ಟು ಎಲೆ ಬಂತು, ಎಷ್ಟು ಹೊಗೆಸೊಪ್ಪು ಬಂತು, ಎಷ್ಟು ಸಾವಿರ ಕಟ್ಟಿ ಕೊಟ್ಟದ್ದಾಯಿತೆಂದು, ಕೋಷ್ಟಕ ಮಾಡಿ ಅದರಲ್ಲಿ ಬರೆಯತೊಡಗಿದಳು. ತಿಂಗಳ ಕೊನೆಯಲ್ಲಿ ಲೆಕ್ಕವು ತಾಳೆಯಾದುದನ್ನು ಕಂಡ ಮೇಲೆ, "ಇವತ್ತಿನದು ಬರೆದೆಯಾ?" ಎಂದು ತಾಯಿಯೇ ಕೇಳುವರಂತೆ. ಕಪಾಟಿನ ಬೀಗದ ಕೈಯು ಈಗ ಮಗಳ ಬಳಿಯಲ್ಲಿದೆ.

ಯಂತ್ರವು ಹೋದರೆ ಇನ್ನೊಂದು ಯಂತ್ರವು ಬಂದೀತು. ಅದರೊಳಗೆ ಬರೆದಿಟ್ಟುದು ಹೋದರೆ ಬಾರದು. ೯ನೆಯ ಶತಮಾನದ ಕವಿರಾಜಮಾರ್ಗವು ನಮ್ಮ ಕೈಗೆ ಬಂದುದು ಅದನ್ನು ಮೊದಲು ಬರೆದ ಓಲೆಗಳು ಉಳಿದುದರಿಂದಲ್ಲ; ಓಲೆಗಳು ಶಿಥಿಲವಾಗುವ ಮೊದಲೇ ಯಾರೋ ಒಬ್ಬರು ಕುಳಿತು ಪ್ರತಿಮಾಡಿದುದರಿಂದ. ಎಣ್ಣೆ ಹಚ್ಚುವುದರಿಂದ ಓಲೆಯ ಆಯುಷ್ಯವು ವೃದ್ಧಿಯಾಗುವುದು ನಿಜ, ಆದರೆ ಗ್ರಂಥವು ಬದುಕುವುದು ಪ್ರತಿಯಿಂದಲೇ. ನಮ್ಮಲ್ಲಿ ಶುಕ್ರವಾರದ ಕೊನೆಯ ಪಿರಿಯಡ್ಡಿನಲ್ಲಿ ಪ್ರತಿಯೊಬ್ಬ ಬಾಲಿಕೆಯೂ ತನ್ನ ವಾರದ ಬರವಣಿಗೆಯನ್ನು ಶಾಲೆಯ ಡಿಸ್ಕಿಗೆ ಪ್ರತಿಮಾಡುವಳು. ಅದರ ಇನ್ನೊಂದು ಪ್ರತಿಯು ಕಟ್ಟಡದ ಹೊರಗೆ, ಇಂಟರ್ನೆಟ್ಟಿನ ಮೂಲಕ, ಬೇರೊಂದು ಕಡೆ ಇರುವುದು. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಬೇರೆ ಸ್ಥಳದಲ್ಲಿ. ಈ ವೃತ್ತಿಯವರು ಒಪ್ಪಿಕೊಂಡಿರುವ ಲೆಕ್ಕವಿದು. ಬಾಲಿಕೆಯರಿಗೆ ಇದು ಬೇಸರದ ಪಿರಿಯಡ್ಡೆಂಬುದನ್ನು ನಾನು ಬಲ್ಲೆನು.

ಎರಡು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಒಬ್ಬಾಕೆಯು ತನ್ನ ಅಜ್ಜಿಯು ನೇಜಿ ನೆಡುವಾಗ ಹಾಡುತ್ತಿದ್ದ ತುಳು ಪಾಡ್ದನಗಳನ್ನು ಧ್ವನಿಮುದ್ರಿಸಿ, ಕನ್ನಡ ಲಿಪಿಯಲ್ಲಿ ಬರೆದು, ಕಠಿಣ ಶಬ್ದಗಳಿಗೆ ಅರ್ಥವನ್ನೂ ಸೇರಿಸಿದ್ದಳು. ನಾಲ್ಕು ತಿಂಗಳ ಕೆಲಸ. ಯಂತ್ರವು ಏಕೋ ನಿಂತುಹೋಗಲು, ಪೇಟೆಯ ಒಂದು ಅಂಗಡಿಗೆ ಒಯ್ದರು. ಅಂಗಡಿಯವರು ಒಂದು ಮಾತೂ ಕೇಳದೆ ಡಿಸ್ಕನ್ನು ಪೂರ್ತಿ ಅಳಿಸಿ, ಹೊಸದಾಗಿ ಎಲ್ಲವನ್ನೂ ಹಾಕಿ, ಸೋಮವಾರ ಹಿಂದಕ್ಕೆ ಕೊಟ್ಟರು. ಅಜ್ಜಿಯು ಅದಕ್ಕೆ ಮೂರು ವಾರಗಳ ಹಿಂದೆ ತೀರಿಕೊಂಡಿದ್ದರು. ಶುಕ್ರವಾರದ ಪ್ರತಿಯಲ್ಲಿ ಹದಿನೇಳು ಹಾಡುಗಳೂ ಇದ್ದುವು. ಅಜ್ಜಿಯು ನಡುವೆ ಕೆಮ್ಮಿದುದೂ, "ಸಾಕಾ ಮಗಾ?" ಎಂದು ಕೇಳಿದುದೂ ಅದರಲ್ಲಿ ಹಾಗೆಯೇ ಇದೆ. ರಿಪೇರಿಗೆ ಕೊಡುವ ಮೊದಲು ಪ್ರತಿಮಾಡಿರಿ; ಮಾಡಲಾಗದಿದ್ದರೆ "ಒಳಗಿರುವುದನ್ನು ಅಳಿಸಬೇಡಿ" ಎಂದು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಮತ್ತು ಕನ್ನಡವನ್ನು ಯುನಿಕೋಡಿನಲ್ಲಿಯೇ ಟೈಪು ಮಾಡಿರಿ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡಿದ ನಮ್ಮದೇ ಶಾಲೆಯ ಹಳೆಯ ವರದಿಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೋರುವುವು. ಅವನ್ನು ಮಾರ್ಪಡಿಸುವುದರಲ್ಲಿ ನಮ್ಮ ಗುಮಾಸ್ತೆಯವರ ಒಂದು ಬೇಸಗೆಯೇ ಕಳೆಯಿತು.

ಉಳಿದ ವಿಷಯಗಳನ್ನು ಬೇಗನೆ ಹೇಳಿ ಮುಗಿಸುವೆನು. ಪರದೆಯನ್ನು ಮೃದುವಾದ ಬಟ್ಟೆಯಿಂದ, ಬೇಕಾದರೆ ನೀರಿನಲ್ಲಿ ತುಸು ಒದ್ದೆಮಾಡಿ, ಒರೆಸಬೇಕು. ಗಾಜಿನ ಕಿಟಿಕಿಗೆ ಹಾಕುವ ದ್ರಾವಣವನ್ನು ಹಾಕಬಾರದು. ಮುಚ್ಚುವ ಮೊದಲು ಕೀಲಿಮಣೆಯ ಮೇಲೆ ಪೆನ್ನು, ತಲೆಪಿನ್ನುಗಳಿಲ್ಲವೆಂದು ನೋಡಿಕೊಳ್ಳಬೇಕು. ಒಂದು ತಲೆಪಿನ್ನಿನ ಬೆಲೆಯು ಒಂದು ಪರದೆಯ ಬೆಲೆಯಾದ ದೃಷ್ಟಾಂತವು ನಮ್ಮಲ್ಲಿದೆ. ಪರದೆಯನ್ನು ಹಿಡಿದು ಎತ್ತಬಾರದು. ಸೀಮೆಸುಣ್ಣದ ಹುಡಿಯು ಫ್ಯಾನಿಗೆ ಸೇರುವುದರಿಂದ ಅಧ್ಯಾಪಿಕೆಯರು ಕರಿಹಲಗೆಯ ಬುಡದಲ್ಲಿ ಯಂತ್ರವನ್ನಿಡಬಾರದು. ಬಿಸ್ಕತ್ತಿನ ಚೂರುಗಳನ್ನು ಅರಸಿ ಇರುವೆಗಳು ಒಳಹೊಕ್ಕು ಸಂಸಾರ ಹೂಡುವುದನ್ನೂ ನೋಡಿರುವೆವು. ತಂತ್ರಾಂಶದ ಅಪ್‌ಡೇಟುಗಳನ್ನು "ಆಮೇಲೆ" ಎಂದು ತಳ್ಳುವವರು ೨೦೧೭ರ ಮೇ ತಿಂಗಳನ್ನು ನೆನೆಯಬೇಕು: ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು ಜಗತ್ತಿನ ಲಕ್ಷಾಂತರ ಗಣಕಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು, ಬ್ರಿಟನ್ನಿನ ಆಸ್ಪತ್ರೆಗಳಲ್ಲಿಯೂ ಕೆಲಸ ನಿಂತಿತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಎರಡು ತಿಂಗಳ ಮೊದಲೇ ಒದಗಿಸಿದ್ದಿತು. ಪಾಸ್‌ವರ್ಡನ್ನು ಪ್ರಾಣಸ್ನೇಹಿತೆಗೂ ಹೇಳಕೂಡದು. ಅಪರಿಚಿತರಿಂದ ಕೆಟ್ಟ ಸಂದೇಶವೋ ಬೆದರಿಕೆಯೋ ಬಂದರೆ, ಚಹಾ ಚೆಲ್ಲಿದಾಗಿನ ನಿಯಮವೇ ಇಲ್ಲಿಗೂ ಅನ್ವಯಿಸುವುದು: ಅದೇ ದಿನ ಬಂದು ಹೇಳಬೇಕು, ಬೈಗುಳವಿಲ್ಲ. ಹಣದ ಮೋಸವಾಗಿದ್ದರೆ ಪೋಷಕರು ತಡಮಾಡದೆ ೧೯೩೦ ಎಂಬ ಸಂಖ್ಯೆಗೆ ಫೋನು ಮಾಡಬೇಕು.

ಬ್ಯಾಟರಿಯು ಉಬ್ಬಿ, ಕೀಲಿಮಣೆಯು ಮೇಲಕ್ಕೆದ್ದಂತೆ ಕಂಡರೆ, ಆ ಯಂತ್ರವನ್ನು ಮತ್ತೆ ಚಾರ್ಜಿಗೆ ಹಾಕಬಾರದು, ಅದುಮಿ ಸರಿಮಾಡಲೂ ಬಾರದು, ಚುಚ್ಚಿದರೆ ಬೆಂಕಿಯೇಳುವುದು. ಅಂತಹ ಬ್ಯಾಟರಿಯನ್ನೂ ಸತ್ತ ಯಂತ್ರವನ್ನೂ ಗುಜರಿಯವನಿಗೆ ಕೊಡದೆ, ೨೦೨೨ರ ನಿಯಮಗಳಿಗನುಸಾರವಾಗಿ ನೋಂದಾಯಿಸಿಕೊಂಡ ಮರುಸಂಸ್ಕರಣಕಾರರಿಗೆ ಒಪ್ಪಿಸಬೇಕು. ನಮ್ಮ ಶಾಲೆಯ ಪ್ರಯೋಗಶಾಲೆಯ ಹಿಂದಿನ ಕೋಣೆಯಲ್ಲಿ ಇದಕ್ಕೊಂದು ಪೆಟ್ಟಿಗೆಯಿದೆ. ಊರಿನ ಪೋಷಕರೂ ತಂದು ಹಾಕಬಹುದು, ಉಬ್ಬಿದ ಬ್ಯಾಟರಿಯನ್ನು ಮಾತ್ರ ಮೊದಲೇ ತಿಳಿಸಿ ತರತಕ್ಕದ್ದು.

ಇನ್ನು ದಾನ ಮಾಡುವವರಲ್ಲಿ ಒಂದು ವಿಜ್ಞಾಪನೆ. ವಿಂಡೋಸ್ ೧೦ ಎಂಬ ವ್ಯವಸ್ಥೆಗೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿದುದರಿಂದ, ತಮ್ಮಲ್ಲಿ ಅನೇಕರ ಮನೆಗಳಲ್ಲಿ ಹಳೆಯ ಲ್ಯಾಪ್‌ಟಾಪುಗಳು ಮೂಲೆ ಸೇರಿರಬಹುದು. ಅವುಗಳ ಮೇಲೆ ಲಿನಕ್ಸನ್ನು ಹಾಕಿ ಇನ್ನೂ ಕೆಲವು ವರ್ಷ ನಡೆಸಲು ನಮ್ಮ ಗಣಿತದ ಅಧ್ಯಾಪಿಕೆಯವರು ಬಲ್ಲರು. ಈಗ ಯಂತ್ರಕ್ಕಾಗಿ ಕಾದಿರುವ ಬಾಲಿಕೆಯರು ಹನ್ನೊಂದು ಮಂದಿ. ಕಳುಹಿಸುವ ಮೊದಲು ತಮ್ಮ ಸ್ವಂತ ಪತ್ರಗಳನ್ನೂ ಚಿತ್ರಗಳನ್ನೂ ಪ್ರತಿಮಾಡಿಕೊಂಡು, ಯಂತ್ರದಿಂದ ಅಳಿಸಿ, ಖಾತೆಯಿಂದ ಹೊರಬಂದು, ಪಾಸ್‌ವರ್ಡನ್ನು ತೆಗೆದುಬಿಡಿರಿ. ಚಾರ್ಜರನ್ನು ಮರೆಯದೆ ಅದೇ ಪೆಟ್ಟಿಗೆಯಲ್ಲಿ ಇಡಿರಿ. ಚಾರ್ಜರಿಲ್ಲದೆ ಬಂದ ನಾಲ್ಕು ಯಂತ್ರಗಳು ಕಚೇರಿಯ ಬೀರುವಿನಲ್ಲಿವೆ, ಅವುಗಳ ದಾನಿಗಳು ಇದನ್ನು ಓದಿದರೆ ಮೇಜಿನ ಖಾನೆಯನ್ನೊಮ್ಮೆ ಹುಡುಕಿ ನೋಡಬೇಕಾಗಿ ಕೋರುವೆನು.